ಪಲ್ಯಕ್ಕೆ ಜಾಗ ಬಿಡಿ

“ನಾನು ಹುಟ್ಟಾ ಸಸ್ಯಾಹಾರಿ. ಬೀಡಿ ಸಿಗರೇಟು ಮುಟ್ಟಿದವನಲ್ಲ. ನನಗ್ಯಾಕಪ್ಪಾ ಬ್ಲಾಕು?”

ಹೃದ್ರೋಗದ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಗಂಟೆ ಕೂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ನನ್ನ ಸೋದರಮಾವನೂ ಇದನ್ನೇ ಕೇಳಿದರು. ಉತ್ತರ ಹೇಳುವ ಬದಲು, ಆಸ್ಪತ್ರೆ ಸೇರುವ ಮುಂಚಿನ ಒಂದು ಮಾಮೂಲಿ ದಿನದಲ್ಲಿ ಏನೇನು ತಿನ್ನುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡೆ. ಎದ್ದ ಕೂಡಲೇ ಸಕ್ಕರೆ ಹಾಕಿದ ಕಾಫಿ. ತಿಂಡಿಗೆ ನಾಲ್ಕು ಇಡ್ಲಿ, ಜೊತೆಗೊಂದು ವಡೆ. ಹನ್ನೊಂದಕ್ಕೆ ಬಿಸ್ಕತ್ತು, ಟೀ. ಮಧ್ಯಾಹ್ನ ಅನ್ನ ಹುಳಿ, ಅನ್ನ ಮೊಸರು, ನಂಚಿಕೊಳ್ಳಲು ಹಪ್ಪಳ, ಉಪ್ಪಿನಕಾಯಿ. ಸಂಜೆ ಬೇಕರಿಯ ಖಾರಾ ಬನ್ನು, ಇಲ್ಲವೇ ಬೋಂಡ. ರಾತ್ರಿ ಮತ್ತೆ ಅನ್ನ. ತರಕಾರಿ ಎಲ್ಲಿ ಮಾವ ಅಂದೆ. “ಹುಳಿಯಲ್ಲಿತ್ತಲ್ಲ, ನಾಲ್ಕು ಹೋಳು!”

ಈ ಪಟ್ಟಿಯಲ್ಲಿ ಹಾಲು ಮೊಸರು ಬಿಟ್ಟರೆ ಎಲ್ಲವೂ ಗಿಡದಿಂದಲೇ ಬಂದದ್ದು. ಅಕ್ಕಿ ಭತ್ತದ್ದು, ಸಕ್ಕರೆ ಕಬ್ಬಿನದು, ಮೈದಾ ಗೋಧಿಯದು, ಬೋಂಡ ಕರಿದ ಎಣ್ಣೆ ತಾಳೆಯದು. ಸಸ್ಯಾಹಾರ ಎಂಬ ಪದ ನಮ್ಮನ್ನು ಮೋಸಗೊಳಿಸುವುದೇ ಇಲ್ಲಿ. ಮಾಂಸ ತಿನ್ನದಿರುವುದು ಒಂದು, ಸೊಪ್ಪು ತರಕಾರಿ ಕಾಳು ತಿನ್ನುವುದು ಇನ್ನೊಂದು. ಹಾರ್ವರ್ಡ್‌ನ ಅಂಬಿಕಾ ಸತಿಜಾ ಮತ್ತು ಸಂಗಡಿಗರು ಎರಡು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಆರೋಗ್ಯ ಸಿಬ್ಬಂದಿಯ ಊಟದ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ತೋರಿಸಿದರು. ಇಡಿಧಾನ್ಯ, ತರಕಾರಿ, ಹಣ್ಣು, ಕಾಳು, ಕಡಲೆಕಾಯಿ ಬಾದಾಮಿಯಂಥವನ್ನು ಹೆಚ್ಚು ತಿನ್ನುತ್ತಿದ್ದವರಲ್ಲಿ, ಅತಿ ಕಡಿಮೆ ತಿನ್ನುತ್ತಿದ್ದವರಿಗಿಂತ ಹೃದಯದ ರಕ್ತನಾಳದ ಕಾಯಿಲೆ ಶೇ 25ರಷ್ಟು ಕಡಿಮೆ ಇತ್ತು. ಪಾಲಿಶ್ ಧಾನ್ಯ, ಆಲೂಗಡ್ಡೆ, ಸಿಹಿ, ಸಕ್ಕರೆ ಪಾನೀಯಗಳನ್ನೇ ‘ಸಸ್ಯಾಹಾರ’ ಮಾಡಿಕೊಂಡಿದ್ದವರಲ್ಲಿ ಶೇ 32ರಷ್ಟು ಹೆಚ್ಚು. ಜನರ ರೂಢಿಯನ್ನು ನೋಡಿ ಬರೆದುಕೊಂಡ ಲೆಕ್ಕ ಇದು, ಪ್ರಯೋಗವಲ್ಲ. ಆದರೂ ಮಾವನ ಪಟ್ಟಿ ಯಾವ ಗುಂಪಿಗೆ ಸೇರುತ್ತದೆ ಎಂದು ಹೇಳಲು ಇಷ್ಟು ಸಾಕು.

ಈ ಪಟ್ಟಿ ಅವರೊಬ್ಬರದೂ ಅಲ್ಲ, ಇಂಥ ಊಟ ಹೃದಯವನ್ನಷ್ಟೇ ಕಾಡುವುದೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದು ಹೇಳುವ ಅಳತೆ ಹೀಗಿದೆ: ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಕಾಯಿ, ಎಳ್ಳು, ಬಾದಾಮಿಯಂಥವು 35 ಗ್ರಾಂ, ಹಾಲು ಮೊಸರು 300 ಮಿಲಿ, ಎಣ್ಣೆ ತುಪ್ಪ 27 ಗ್ರಾಂ. ಎಲ್ಲವೂ ಬೇಯಿಸುವ ಮುಂಚಿನ ತೂಕ. ಮಾಂಸ, ಮೀನು, ಮೊಟ್ಟೆ ತಿನ್ನುವವರು ಕಾಳಿನ ಪಾಲಿನಲ್ಲಿ ಒಂದಿಷ್ಟನ್ನು ಅದಕ್ಕೆ ಬದಲಾಯಿಸಿಕೊಳ್ಳಬಹುದು.

ಇದನ್ನು ಸಂತೆಯ ಚೀಲಕ್ಕೆ ಇಳಿಸಿ ನೋಡೋಣ. ನಾಲ್ಕು ಜನ ದೊಡ್ಡವರಿರುವ ಮನೆಗೆ ವಾರಕ್ಕೆ ಹನ್ನೊಂದು ಕಿಲೋ ಸೊಪ್ಪು ತರಕಾರಿ ಬೇಕು! ಆಲೂಗಡ್ಡೆಯನ್ನು ಇದರಲ್ಲಿ ಸೇರಿಸಬೇಡಿ. ಪಿಷ್ಟದ ವಿಷಯದಲ್ಲಿ ಅದು ಅನ್ನದ ಕಡೆಯದು. ಅದೇ ಮನೆಗೆ ಧಾನ್ಯ ವಾರಕ್ಕೆ ಏಳು ಕಿಲೋ ಸಾಕು. ಅಂದರೆ ತರಕಾರಿಯ ಚೀಲ ಅಕ್ಕಿಯ ಚೀಲಕ್ಕಿಂತ ಭಾರ ಇರಬೇಕು. ನಮ್ಮಲ್ಲಿ ಹೆಚ್ಚಿನ ಮನೆಗಳ ಚೀಲ ತಿರುಗುಮುರುಗಾಗಿದೆ. ನನ್ನ ಮನೆಯದೂ ಹಾಗೇ ಇತ್ತು, ತೂಗಿ ನೋಡುವ ತನಕ.

ಒಂದೇ ವಾರದಲ್ಲಿ ಹನ್ನೊಂದು ಕಿಲೋಗೆ ಹಾರಬೇಕಿಲ್ಲ. ಬಡಿಸುವ ಕ್ರಮ ಬದಲಿಸುವುದರಿಂದ ಶುರುಮಾಡಿ. ಮದುವೆ ಮನೆಯ ಬಾಳೆಲೆಯಲ್ಲಿ ಅನ್ನಕ್ಕಿಂತ ಮೊದಲು ಕೋಸಂಬರಿ, ಪಲ್ಯ ಬರುತ್ತವೆ. ನಾವು ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ಅನ್ನಕ್ಕೆ ಕಾಯುತ್ತೇವೆ. ಕಾಯಬೇಡಿ, ಅದನ್ನೇ ಮೊದಲು ಮುಗಿಸಿ. 2015ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಒಂದು ಪುಟ್ಟ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯ ಹನ್ನೊಂದು ಮಂದಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ ಮತ್ತು ಪ್ರೋಟೀನ್ ಮೊದಲು, ಬ್ರೆಡ್ಡು ಆಮೇಲೆ ತಿಂದ ದಿನ ಅರ್ಧ ಗಂಟೆಯ ನಂತರದ ರಕ್ತದ ಸಕ್ಕರೆ ಕಾಲು ಭಾಗಕ್ಕೂ ಮೀರಿ ಕಡಿಮೆ ಇತ್ತು. ಹನ್ನೊಂದು ಜನ ಬಹಳ ಕಡಿಮೆ, ಒಪ್ಪುತ್ತೇನೆ. ಆದರೆ ಪಲ್ಯ ಮೊದಲು ತಿನ್ನಲು ಖರ್ಚೇನೂ ಇಲ್ಲವಲ್ಲ.

ಇನ್ನು ಅಡುಗೆಗೆ ಹೊಸ ಪುಸ್ತಕ ಬೇಕಿಲ್ಲ. ಹಳೇ ಮೈಸೂರು ಕಡೆಯ ಬಸ್ಸಾರನ್ನೇ ನೋಡಿ. ಸೊಪ್ಪು ಕಾಳು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಬೆಂದ ಸೊಪ್ಪು ಕಾಳು ಪಲ್ಯವಾಗುತ್ತದೆ. ನೀರಿಗಿಳಿದ ಸತ್ವ ಸಾರಿನ ಮೂಲಕ ತಟ್ಟೆಗೆ ವಾಪಸು. ಮಸ್ಸೊಪ್ಪು, ಉಪ್ಸಾರು, ಮೊಳಕೆ ಹುರುಳಿಕಾಳಿನ ಸಾರು, ಮಲೆನಾಡಿನ ದೊಡ್ಡಪತ್ರೆ, ಒಂದೆಲಗದ ತಂಬುಳಿ, ಬಯಲುಸೀಮೆಯ ಬೆರಕೆ ಸೊಪ್ಪು, ಉತ್ತರ ಕರ್ನಾಟಕದ ಪುಂಡಿಪಲ್ಯ, ಮಡಕಿಕಾಳು ಪಲ್ಯ ಇವೆಲ್ಲ ಹೊಟ್ಟೆ ತುಂಬ ತಿನ್ನುವ ಪದಾರ್ಥಗಳು, ನಂಚಿಕೊಳ್ಳುವಂಥವಲ್ಲ. ರೊಟ್ಟಿಗೆ ಪಲ್ಯ ಹಚ್ಚಿ ತಿನ್ನುವವರು ಪಲ್ಯಕ್ಕೆ ರೊಟ್ಟಿ ಹಚ್ಚಿಕೊಂಡು ತಿಂದರೆ ಅರ್ಧ ಕೆಲಸ ಆದಂತೆ.

ರಾಗಿಯ ಬಗ್ಗೆ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗೆಂದು ರಾಗಿ ಸಕ್ಕರೆ ಕಾಯಿಲೆಗೆ ಔಷಧಿ ಎಂದು ನಂಬಿ ಲೋಟಗಟ್ಟಲೆ ಗಂಜಿ ಕುಡಿಯುವವರನ್ನು ನೋಡಿದ್ದೇನೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಗಂಜಿಗಿಂತ ಮುದ್ದೆ ಮೇಲು. ಮುದ್ದೆಗೆ ಜೊತೆಯಾಗಿ ಬಸ್ಸಾರಿನ ಪಲ್ಯ ಇದ್ದರೆ ಇನ್ನೂ ಮೇಲು.

ಬೂದಿ ಮುಚ್ಚಿದ ಕೆಂಡ

ಕೋವಿಡ್ ಬಂದಾಗಿನಿಂದ ‘ಇಮ್ಯುನಿಟಿ ಬೂಸ್ಟರ್’ ಎಂಬ ಮಾತು ಅಂಗಡಿಯ ಅಷ್ಟೂ ಬಾಟಲಿಗಳ ಮೇಲೆ ಕೂತಿದೆ. ರೋಗನಿರೋಧಕ ವ್ಯವಸ್ಥೆ ಹಾಗೆ ಏರಿಸುತ್ತ ಹೋಗುವಂಥದ್ದಲ್ಲ. ಒಲೆಯ ಉರಿ ಇದ್ದ ಹಾಗೆ ಅದು. ಕಮ್ಮಿಯಾದರೆ ಬೇಯದು, ಹೆಚ್ಚಾದರೆ ಸೀಯುತ್ತದೆ. ಆಸ್ತಮಾ, ಸಂಧಿವಾತದಂಥ ಕಾಯಿಲೆಗಳು ನಿರೋಧಕ ಶಕ್ತಿ ಸಾಲದೆ ಬಂದವಲ್ಲ, ಅದು ತನ್ನ ಮೈಮೇಲೇ ಎಗರಿದ್ದರಿಂದ ಅಥವಾ ಬೇಡದ್ದಕ್ಕೆ ಕೆರಳಿದ್ದರಿಂದ ಬಂದವು. ಇಮ್ಯುನಿಟಿಗೆಂದು ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಗೆ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಆ ವರದಿಯನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ದಿನವೂ ಕಷಾಯ ಕುಡಿದರೆ ನಷ್ಟವೇನು ಎಂಬ ಧೈರ್ಯ ಒಳ್ಳೆಯದಲ್ಲ.

ಆಹಾರ ಮಾಡುವ ಕೆಲಸ ಬೇರೆ. ಮೊದಲನೆಯದು ಕೊರತೆ ತುಂಬುವುದು. ವಿಟಮಿನ್ ಎ, ಸಿ, ಸತು, ಕಬ್ಬಿಣ, ಪ್ರೋಟೀನ್ ಇವುಗಳಲ್ಲಿ ಯಾವುದು ಸಾಲದಿದ್ದರೂ ಸೋಂಕಿನೊಡನೆ ಹೋರಾಡುವ ಕಣಗಳು ಸೊರಗುತ್ತವೆ. ನುಗ್ಗೆಸೊಪ್ಪು, ದಂಟು, ಮೆಂತ್ಯ, ಸೀಬೆಹಣ್ಣು, ನೆಲ್ಲಿಕಾಯಿ, ಕಾಳುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ನಿಂಬೆರಸ ಹಿಂಡಿಕೊಳ್ಳಿ. ಊಟವಾದ ಕೂಡಲೇ ಟೀ ಕುಡಿದರೆ ಆ ಕಬ್ಬಿಣದಲ್ಲಿ ಬಹುಪಾಲು ವ್ಯರ್ಥ, ಹಾಗಾಗಿ ಒಂದು ಗಂಟೆ ತಡೆಯಿರಿ. ಕಾಳನ್ನು ನೆನೆಸಿ ಮೊಳಕೆ ಬರಿಸುವುದೂ, ಹಿಟ್ಟನ್ನು ಹುದುಗಿಸುವುದೂ ಕಬ್ಬಿಣ ಮತ್ತು ಸತುವನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತುವನ್ನು ಕಡಿಮೆ ಮಾಡುತ್ತವೆ.

ಎರಡನೆಯ ಕೆಲಸ ಕರುಳಿನಲ್ಲಿ. ಮೈಯ ನಿರೋಧಕ ಕಣಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲೂ ಬೀಡುಬಿಟ್ಟಿವೆ. ನಾವು ತಿಂದ ನಾರು ನಮಗೆ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. (ಮೊದಲು ಬೆಣ್ಣೆಯಲ್ಲಿ ಸಿಕ್ಕಿದ್ದರಿಂದ ಆ ಹೆಸರು, ಬೆಣ್ಣೆ ತಿನ್ನದೆ ಬೆಣ್ಣೆ ಸಂಪಾದಿಸುವ ವಿದ್ಯೆ ನಮ್ಮ ಕರುಳಿಗೆ ಗೊತ್ತು.) ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಅತಿಯಾಗಿ ಕೆರಳುವ ನಿರೋಧಕ ಕಣಗಳನ್ನು ಸಮಾಧಾನ ಮಾಡುವ ಇನ್ನೊಂದು ಬಗೆಯ ಕಣಗಳನ್ನು ಬೆಳೆಸುವುದರಲ್ಲೂ ಅದರ ಪಾತ್ರವಿದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ನ್ಯೂಜಿಲೆಂಡ್ ವಿಜ್ಞಾನಿಗಳು ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ವಿಶ್ಲೇಷಣೆ ಪ್ರಕಾರ, ಹೆಚ್ಚು ನಾರು ತಿನ್ನುವವರಲ್ಲಿ ಸಾವು, ಹೃದ್ರೋಗ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಶೇ 15ರಿಂದ 30ರಷ್ಟು ಕಡಿಮೆ. ದಿನಕ್ಕೆ 25ರಿಂದ 29 ಗ್ರಾಂ ಗುರಿ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ, ನೀರು ಜಾಸ್ತಿ ಕುಡಿಯಿರಿ.

ಹಾಗಾದರೆ ಇಮ್ಯುನಿಟಿಗೂ ಮಾವನ ಬ್ಲಾಕಿಗೂ ಏನು ಸಂಬಂಧ? ನೇರ ಸಂಬಂಧವೇ ಇದೆ. ರಕ್ತನಾಳದ ಬ್ಲಾಕ್ ಎಂದರೆ ಸಿಂಕಿನ ಪೈಪಿನಲ್ಲಿ ಜಿಡ್ಡು ಕಟ್ಟಿದ ಹಾಗಲ್ಲ. ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್ ಕಣಗಳು ನಾಳದ ಗೋಡೆಯೊಳಕ್ಕೆ ಸೇರುತ್ತವೆ. ನಿರೋಧಕ ಕಣಗಳು ಅವನ್ನು ನುಂಗಲು ಬಂದು, ನುಂಗಿ ನುಂಗಿ ನೊರೆಯಂತೆ ಉಬ್ಬಿ ಅಲ್ಲೇ ಕೂರುತ್ತವೆ. ಅಲ್ಲೊಂದು ಸಣ್ಣ ಉರಿಯೂತ ವರ್ಷಗಟ್ಟಲೆ, ಬೂದಿ ಮುಚ್ಚಿದ ಕೆಂಡದ ಹಾಗೆ, ಇದ್ದೇ ಇರುತ್ತದೆ. ಹೊಟ್ಟೆಯ ಸುತ್ತ ಕಟ್ಟಿದ ಬೊಜ್ಜು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಟ್ಟು ಕೆಂಡಕ್ಕೆ ಗಾಳಿ ಹಾಕುತ್ತದೆ. ಸಕ್ಕರೆ ಕಾಯಿಲೆಯ ಹಿಂದೆ ಇರುವುದೂ ಇಂಥದೇ ಕೆಂಡ. ಕಾಳು, ಓಟ್ಸ್, ಬೆಂಡೆ, ಮೆಂತ್ಯದ ಲೋಳೆಯಂಥ ನಾರು ಪಿತ್ತರಸವನ್ನು ಹಿಡಿದು ಹೊರಕ್ಕೆ ಸಾಗಿಸುವುದರಿಂದ ಎಲ್‌ಡಿಎಲ್ ಇಳಿಯುತ್ತದೆ. ಅದನ್ನು ಏರಿಸುವುದೋ ಇಳಿಸುವುದೋ ಎಂಬುದನ್ನು ತೀರ್ಮಾನಿಸುವ ಇನ್ನೊಂದು ದೊಡ್ಡ ಕೈ ಎಣ್ಣೆಯದು.

ಎಣ್ಣೆ ಪ್ಯಾಕೆಟ್ ಮೇಲೊಂದು ತಾರೀಖು

ಹೊಸ ಎಣ್ಣೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ತಲೆಗೆ 27 ಗ್ರಾಂ ಎಂದರೆ ನಾಲ್ಕು ಜನರಿಗೆ ಅದು ಎಂಟು ದಿನ ಬರಬೇಕು. ತುಪ್ಪ, ಬೆಣ್ಣೆಯೂ ಆ 27ರಲ್ಲೇ ಸೇರಿದೆ, ಆದ್ದರಿಂದ ಅವುಗಳ ರೂಢಿ ಇದ್ದ ಮನೆಯಲ್ಲಿ ಹತ್ತು ದಿನ. ಹೊರಗಿನ ಕರಿದ ತಿಂಡಿ ಇದ್ದರೆ ಇನ್ನೂ ಹೆಚ್ಚು ದಿನ. ಬಾಣಲೆಗೆ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದರೆ ಯಾರಿಗೂ ಗೊತ್ತಾಗದ ಹಾಗೆ ಮೂರು ದಿನದ ಎಣ್ಣೆ ಉಳಿಯುತ್ತದೆ, ಇದು ನನ್ನ ಮನೆಯ ಅನುಭವ.

ಹಾಗೆಂದು ಎಣ್ಣೆಯನ್ನು ಪೂರಾ ಬಿಡುವುದು ದಡ್ಡತನ. ಸೊಪ್ಪು, ಕ್ಯಾರೆಟ್ಟು, ಕುಂಬಳದ ಹಳದಿ ಬಣ್ಣದ ಕ್ಯಾರೊಟಿನ್ ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ಕೊಬ್ಬಿಲ್ಲದ ಸಲಾಡ್ ತಿಂದವರ ರಕ್ತಕ್ಕೆ ಅದು ಸೇರಿದ್ದು ನಾಮಕಾವಸ್ತೆ ಎಂದು ಅಮೆರಿಕದ ಅಯೊವಾದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಪಲ್ಯಕ್ಕೆ ಸಾಸಿವೆ ಸಿಡಿಸುವ ಆ ಒಂದು ಚಮಚ ಎಣ್ಣೆ ಬರೀ ರುಚಿಗಲ್ಲ.

ಯಾವ ಎಣ್ಣೆ? ಜಗಳ ಶುರುವಾಗುವುದೇ ಇಲ್ಲಿ. ಅಮೆರಿಕದ ಹೃದಯ ಸಂಘ 2017ರಲ್ಲಿ ಪ್ರಯೋಗಗಳನ್ನೆಲ್ಲ ಜಾಲಾಡಿ ಹೇಳಿದ್ದು: ತುಪ್ಪ, ಬೆಣ್ಣೆಯಲ್ಲಿರುವಂಥ ಸಂತೃಪ್ತ ಕೊಬ್ಬಿನ ಜಾಗಕ್ಕೆ ಬಹು ಅಸಂತೃಪ್ತ ಕೊಬ್ಬಿನ ಸಸ್ಯದೆಣ್ಣೆ ತಂದರೆ ಹೃದ್ರೋಗ ಸುಮಾರು ಶೇ 30ರಷ್ಟು ಇಳಿಯುತ್ತದೆ. ಅದೇ ಜಾಗಕ್ಕೆ ಮೈದಾ, ಸಕ್ಕರೆ ತಂದರೆ ಆ ಲಾಭ ಇಲ್ಲ. ತುಪ್ಪ ಬಿಟ್ಟು ಬಿಸ್ಕತ್ತು ಹಿಡಿದವರು ಇದನ್ನು ಗಮನಿಸಬೇಕು.

ಈ ಕಣ್ಣಿನಿಂದ ನೋಡಿದರೆ ಬಯಲುಸೀಮೆಯ ಕಡಲೆಕಾಯಿ ಎಣ್ಣೆ ಒಳ್ಳೆಯ ನಂಟ. ಅದರ ಅರ್ಧದಷ್ಟು, ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಏಕ ಅಸಂತೃಪ್ತ ಕೊಬ್ಬು. ವಿಜಯಪುರ, ಕಲಬುರಗಿ ಕಡೆಯ ಕುಸುಬೆ ಎಣ್ಣೆಯಲ್ಲಿ ಸಂತೃಪ್ತ ಕೊಬ್ಬು ತೀರಾ ಕಡಿಮೆ, ಒಮೆಗಾ–6 ಎಂಬ ಬಹು ಅಸಂತೃಪ್ತ ಕೊಬ್ಬು ಮುಕ್ಕಾಲು ಪಾಲು. ಒಗ್ಗರಣೆಗೆ, ಚಟ್ನಿಪುಡಿಗೆ ಕಲಸಿಕೊಳ್ಳಲು ಚೆನ್ನ. ಬೇಗ ಕೆಡುವುದರಿಂದ ಮತ್ತೆ ಮತ್ತೆ ಕರಿಯಲು ಬೇಡ. ಎಳ್ಳೆಣ್ಣೆ ಎರಡರ ನಡುವಿನದು. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಾಯಿಸುತ್ತಿರಿ ಎಂಬುದು ಪೌಷ್ಟಿಕಾಂಶ ಸಂಸ್ಥೆಯ ಸಲಹೆ.

ಕರಾವಳಿಯವರು ಕೋಪಿಸಿಕೊಳ್ಳಬಾರದು, ಕೊಬ್ಬರಿ ಎಣ್ಣೆಯಲ್ಲಿ ಶೇ 90ರಷ್ಟು ಸಂತೃಪ್ತ ಕೊಬ್ಬು. ಒಳ್ಳೆಯ ಕೊಲೆಸ್ಟ್ರಾಲನ್ನೂ ಏರಿಸುತ್ತದೆ ನಿಜ, ಆದರೆ ಬೇರೆ ಸಸ್ಯದೆಣ್ಣೆಗಳಿಗೆ ಹೋಲಿಸಿದರೆ ಎಲ್‌ಡಿಎಲ್ ಕೂಡ ಏರುತ್ತದೆ. ಹಿಂದಿನವರು ತಿಂದು ಗಟ್ಟಿಯಾಗಿದ್ದರು ಎನ್ನುವವರು ಅವರು ನಡೆದ ದಾರಿ, ಹೊತ್ತ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಲಿ. ಕೊಬ್ಬರಿ ಎಣ್ಣೆ ಒಗ್ಗರಣೆಯ ಪರಿಮಳಕ್ಕಿರಲಿ, ಮಿಕ್ಕ ಅಡುಗೆಗೆ ಬೇರೆ ಎಣ್ಣೆ ಇರಲಿ. ಅರೆಯುವ ತೆಂಗಿನಕಾಯಿ ಎರಡು ಹಿಡಿಯಿಂದ ಒಂದು ಹಿಡಿಗೆ ಇಳಿಯಲಿ.

ಗಾಣದ ಎಣ್ಣೆಗೆ ಈಗ ಊರೂರಲ್ಲಿ ಬೇಡಿಕೆ. ಘಮ, ವಿಟಮಿನ್ ಇ ಉಳಿಯುತ್ತವೆ, ಸಂತೋಷ. ಆದರೆ ಗಾಣದ್ದಾದರೂ ಗ್ರಾಂಗೆ 9 ಕ್ಯಾಲೊರಿಯೇ. ಬೂಸು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ರಿಫೈನ್ ಮಾಡದ ಎಣ್ಣೆಗೂ ಇಳಿಯುತ್ತದೆ. ಗಾಣಕ್ಕೆ ಹಾಕುವ ಬೀಜವನ್ನು ಒಮ್ಮೆ ಕಣ್ಣಾರೆ ನೋಡಿ.

ಸಂಶಯವೇ ಇಲ್ಲದೆ ಬಿಡಬೇಕಾದ್ದು ವನಸ್ಪತಿ. ಅದರ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. 2022ರ ಜನವರಿ 1ರಿಂದ ನಮ್ಮ ದೇಶದಲ್ಲಿ ಎಣ್ಣೆ ಕೊಬ್ಬುಗಳಲ್ಲಿ ಅದು ಶೇ 2 ಮೀರುವಂತಿಲ್ಲ. ಕಾಯ್ದೆ ಬಂದರೂ, ಪಫ್ಸು ಖಾರಾ ಬನ್ನುಗಳಲ್ಲಿ ಸಂತೃಪ್ತ ಕೊಬ್ಬೂ ಮೈದಾನೂ ಇದ್ದೇ ಇವೆ. ಕರಿದು ಉಳಿದ ಎಣ್ಣೆಯನ್ನು ಡಬ್ಬಿಗೆ ವಾಪಸು ಸುರಿಯುವ ಅಭ್ಯಾಸವನ್ನೂ ಬಿಡಿ. ಮರುದಿನದ ಒಗ್ಗರಣೆಗೆ ಖಾಲಿ ಮಾಡಿ, ಮತ್ತೆ ಕರಿಯಬೇಡಿ.

ಆಲಿವ್ ಎಣ್ಣೆ ಕೊಳ್ಳಬೇಕೇ ಎಂದು ಅನೇಕರು ಕೇಳುತ್ತಾರೆ. ಸ್ಪೇನ್‌ನಲ್ಲಿ 7447 ಜನರ ಮೇಲೆ ನಡೆದ ‘ಪ್ರೆಡಿಮೆಡ್’ ಪ್ರಯೋಗದಿಂದ ಅದಕ್ಕೆ ಕೀರ್ತಿ ಬಂತು. ಆಲಿವ್ ಎಣ್ಣೆ ಇಲ್ಲವೇ ದಿನಕ್ಕೊಂದು ಹಿಡಿ ವಾಲ್‌ನಟ್, ಬಾದಾಮಿ, ಹೇಜಲ್‌ನಟ್ ಸೇರಿದ ಅಲ್ಲಿನ ಊಟ ಹೃದಯಾಘಾತ, ಪಾರ್ಶ್ವವಾಯು ಮತ್ತು ಅವುಗಳಿಂದಾಗುವ ಸಾವನ್ನು ಸುಮಾರು ಶೇ 30ರಷ್ಟು ತಗ್ಗಿಸಿತು ಎಂದು 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಿಗೆ ಹಂಚಿದ್ದರಲ್ಲಿ ಲೋಪ ಕಂಡುಬಂದು 2018ರಲ್ಲಿ ಆ ಲೇಖನವನ್ನು ಹಿಂಪಡೆದು, ಲೆಕ್ಕ ತಿದ್ದಿ ಮರುಪ್ರಕಟಿಸಿದರು. ಫಲಿತಾಂಶ ಹೆಚ್ಚು ಕಡಿಮೆ ಅದೇ ಉಳಿಯಿತು. ನನ್ನ ಅಭಿಪ್ರಾಯ ಇಷ್ಟು: ದುಡ್ಡಿದ್ದವರು ಕೊಳ್ಳಲಿ, ಇಲ್ಲದವರು ಆ ಪ್ರಯೋಗದ ‘ಹಿಡಿ ಬೀಜ’ವನ್ನು ಹಿಡಿಯಲಿ. ಹುರಿದ ಇಲ್ಲವೇ ಬೇಯಿಸಿದ ಒಂದು ಹಿಡಿ ಕಡಲೆಕಾಯಿ ಸಂಜೆಯ ಬೋಂಡದ ಜಾಗಕ್ಕೆ ಬಂದರೆ ಸಾಕು.

ಬಹು ಅಸಂತೃಪ್ತ ಕೊಬ್ಬಿನ ಇನ್ನೊಂದು ಬಗೆಯಾದ ಒಮೆಗಾ–3 ನಮ್ಮ ಊಟದಲ್ಲಿ ಕಡಿಮೆ. ಅದಕ್ಕೆ ಉತ್ತರ ಕರ್ನಾಟಕದ ಅಗಸಿ ಹಿಂಡಿ ಇದೆ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಸುಮಾರು ಒಂದೂವರೆ ಗ್ರಾಂ ಸಸ್ಯಜನ್ಯ ಒಮೆಗಾ–3 ಸಿಗುತ್ತದೆ. ಇಡೀ ಬೀಜ ನುಂಗಿದರೆ ಹಾಗೇ ಹೊರಟುಹೋಗುತ್ತದೆ, ಹದವಾಗಿ ಹುರಿದು ಪುಡಿ ಮಾಡಬೇಕು. ಪುಡಿ ಬೇಗ ಕಮಟಾಗುವುದರಿಂದ ಹದಿನೈದು ದಿನಕ್ಕಾಗುವಷ್ಟೇ ಮಾಡಿ. ಗುರೆಳ್ಳು ಹಿಂಡಿ ರುಚಿಯಲ್ಲಿ ಅದಕ್ಕಿಂತ ಒಂದು ಕೈ ಮೇಲೆ, ಆದರೆ ಅದರಲ್ಲಿರುವುದು ಬಹುಪಾಲು ಒಮೆಗಾ–6. ಬಯಲಲ್ಲಿ ತಾನಾಗಿ ಹಬ್ಬುವ ದೊಡ್ಡಗೋಣಿ ಸೊಪ್ಪಿನಲ್ಲೂ ಒಮೆಗಾ–3 ಇದೆ. ಇವೆಲ್ಲದರ ಒಮೆಗಾ–3 ಮೀನಿನಲ್ಲಿರುವ ಬಗೆಗೆ ಪರಿವರ್ತನೆಯಾಗುವುದು ಸ್ವಲ್ಪವೇ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಗಿಂತ ಅಗ್ಗದ, ಒಳ್ಳೆಯ ಮೂಲ ಬೇರೆ ಬೇಕಿಲ್ಲ. ವಾರಕ್ಕೆರಡು ಸಲ, ಪುಳಿಮುಂಚಿ ಮಾಡಿ. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಬೇಡಿ.

ಗಿಡ ಕೊಡಲಾರದ್ದು

ಬಿ12 ವಿಟಮಿನ್ ಸೊಪ್ಪು ಕಾಳಿನಲ್ಲಿ ಇಲ್ಲ. ಹಾಲು ಮೊಸರೂ ಕಡಿಮೆ ಇರುವ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ರಕ್ತ ಪರೀಕ್ಷೆ ಮಾಡಿಸಿಕೊಂಡು, ಬೇಕಿದ್ದರೆ ಮಾತ್ರೆ ತೆಗೆದುಕೊಳ್ಳಬೇಕು. ಕಾಲು ಜೋಮು ಹಿಡಿಯುವುದನ್ನು ‘ಸಕ್ಕರೆಯಿಂದ’ ಎಂದು ತಳ್ಳಿಹಾಕಿ, ಅದು ಬಿ12 ಕೊರತೆ ಎಂದು ತಡವಾಗಿ ತಿಳಿದ ಉದಾಹರಣೆ ನಮ್ಮ ಬಂಧುಗಳಲ್ಲೇ ಇದೆ. ವಿಟಮಿನ್ ಡಿಗೆ ಮುಖ್ಯವಾಗಿ ಬಿಸಿಲೇ ಗತಿ.

ಸೊಪ್ಪೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಆಗಿಬರುವುದಿಲ್ಲ. ರಕ್ತ ತೆಳುವಾಗಿಸಲು ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ಸೊಪ್ಪನ್ನು ದಿಢೀರನೆ ಹೆಚ್ಚಿಸಬಾರದು, ಅದರ ವಿಟಮಿನ್ ಕೆ ಆ ಮಾತ್ರೆಗೆ ಎದುರಾಗಿ ನಿಲ್ಲುತ್ತದೆ. ಮೂತ್ರಪಿಂಡ ಸೋತವರಿಗೆ ಸೊಪ್ಪು, ಹಣ್ಣು, ಎಳನೀರಿನ ಪೊಟ್ಯಾಸಿಯಂ ಅಪಾಯ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಪಾಲಕ್, ದೊಡ್ಡಗೋಣಿ ಸೊಪ್ಪಿನಿಂದ ದೂರ ಇರುವುದು ಮೇಲು. ಸಕ್ಕರೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಅರ್ಧ ಮಾಡಿ ಪಲ್ಯ ದುಪ್ಪಟ್ಟು ಮಾಡಿದರೆ ಸಕ್ಕರೆ ಮಟ್ಟ ಥಟ್ಟನೆ ಕೆಳಗಿಳಿಯಬಹುದು. ಆದ್ದರಿಂದ ಊಟ ಬದಲಿಸುವ ಮುಂಚೆಯೇ ನಿಮ್ಮ ವೈದ್ಯರಿಗೆ ಹೇಳಿ. ಅವರು ಹೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.